ಹನ್ನೊಂದಕ್ಕೆ ನಿಂತ ಎಣಿಕೆ

ಒದ್ದೆ ಹೆಜ್ಜೆ, ಒಂದೇ ಒಂದು, ಹೊಸ್ತಿಲ ಕರಿಕಲ್ಲಿನ ಮೇಲೆ, ಐದು ಬೆರಳೂ ಎಣಿಸುವ ಹಾಗೆ — ಈ ಥಾವರಿಬಾಯಿಗೆ ಎಷ್ಟು ಸಲ ಹೇಳಬೇಕು, ಒರೆಸಿದ್ದನ್ನು ತಾನೇ ತುಳಿದು ಹೋಗುತ್ತಾಳೆ, ಅರವತ್ತು ದಾಟಿದರೂ ಅವಸರ ಹೋಗಿಲ್ಲ, ಮೂರರ ಮಾಪ್ಸಾ ಬಸ್ಸು ತಪ್ಪಿದರೆ ಆಕಾಶ ಕಳಚಿ ಬೀಳುವಂತೆ ಓಡುತ್ತಾಳೆ, ಓಡಲಿ, ಸಮುದ್ರದ ದಂಡೆಯ ಮರಳಲ್ಲಿ ಮಣಿಸರ ಮಾರುತ್ತ ವರ್ಷಗಟ್ಟಲೆ ನಡೆದ ಕಾಲು, ನಿಲ್ಲು ಎಂದರೆ ನಿಂತೀತೆ, ನಾನು ಮೇಲೆ ಹೋಗಿ ಥರ್ಮಾಸಿಗೆ ಬಿಸಿನೀರು ತುಂಬಿಕೊಂಡು ಬರುವಷ್ಟರಲ್ಲಿ ರೆಕಾರ್ಡ್ ರೂಮು ಗುಡಿಸಿ, ಕಾರಿಡಾರು ಒರೆಸಿ, ಬಕೆಟ್ಟು ಬೋರಲು ಹಾಕಿ ಮಾಯವಾಗಿದ್ದಾಳೆ. ಚಪ್ಪಲಿ ಸ್ಟ್ಯಾಂಡ್ ನೋಡಿದೆ, ಖಾಲಿ, ಮೂರೂ ಅಂತಸ್ತು ಖಾಲಿ, ಅಂದರೆ ಒಳಗೆ ಯಾರೂ ಇಲ್ಲ, ಬಾಗಿಲ ಪಕ್ಕದ ಪ್ಯಾನೆಲ್ಲಿನ ಚಾವಿ ತಿರುಗಿಸಿದೆ, ಟಕ್, ಹಳದಿ ದೀಪ ಆರಿ ಹಸಿರು ಹತ್ತಿತು. ಹಳದಿ ಎಂದರೆ ಒಳಗೆ ಮನುಷ್ಯರಿದ್ದಾರೆ, ಬೆಂಕಿ ಬಂದರೂ ಪ್ಯಾನೆಲ್ಲು ಬರೀ ಕೂಗುತ್ತದೆ, ಗ್ಯಾಸು ಬಿಡುವುದಿಲ್ಲ. ಹಸಿರು ಎಂದರೆ ಯಾರೂ ಇಲ್ಲ, ಹೊಗೆ ಕಂಡರೆ ತಾನೇ ಮೂವತ್ತು ಎಣಿಸಿ ಹದಿನಾರು ಕೆಂಪು ಸಿಲಿಂಡರಿನ ಗ್ಯಾಸನ್ನು ಒಳಗೆ ನುಗ್ಗಿಸುತ್ತದೆ, ಆ ಗ್ಯಾಸು ಬೆಂಕಿಯ ಉಸಿರು ಕಟ್ಟುತ್ತದೆ, ಒಳಗೆ ಮನುಷ್ಯ ಸಿಕ್ಕರೆ ಅವನ ಉಸಿರನ್ನೂ ಕಟ್ಟುತ್ತದೆ, ಇಷ್ಟೇ ಇದರ ಗುಟ್ಟು, ಇದನ್ನು ತಿಳಿಯಲು ಇಂಜಿನಿಯರೇ ಆಗಬೇಕಿಲ್ಲ, ತಲೆ ಇದ್ದರೆ ಸಾಕು. ಚಪ್ಪಲಿ ಹೊರಗೆ ಬಿಡಿ ಎಂದು ಇಲ್ಲಿ ಯಾವ ಬೋರ್ಡೂ ಇಲ್ಲ, ಅದು ನಮ್ಮವರು ತಂದ ಪದ್ಧತಿ, ಮೊದಲ ದಿನ ಥಾವರಿಬಾಯಿ ಒಳಗೆ ಇಣುಕಿ, ಛಾವಣಿಯವರೆಗೆ ಪೇರಿಸಿದ ಕಾಗದದ ಪೆಟ್ಟಿಗೆಗಳನ್ನು ನೋಡಿ ಹೌಹಾರಿ, ಯವ್ವಾ, ಇಷ್ಟ ಅಕ್ಷರ, ಇದು ಸರಸೋತಿ ಮನಿ ಐತ್ರಿ, ಮೆಟ್ಟಕೊಂಡ ಹೆಂಗ ಹೋಗೂದು, ಎಂದವಳೇ ಚಪ್ಪಲಿ ಕಳಚಿದಳು, ಒಂದಕ್ಷರ ಓದಲು ಬಾರದವಳು, ಅವಳನ್ನು ನೋಡಿ ವಿಜಾಪುರದ ಕಡೆಯ ಹಮಾಲರು ಕಳಚಿದರು, ಅವರನ್ನು ನೋಡಿ ಎಲ್ಲರೂ ಕಳಚಿದರು, ಗಾವಡೆ ಸಾಹೇಬರು ನಕ್ಕರು, ಮ್ಯಾನೇಜರು ಅಲ್ಲವೆ, ನಗಲಿ, ನನಗೆ ಮಾತ್ರ ಅದರಲ್ಲೊಂದು ಉಪಾಯ ಕಂಡಿತು. ರಿಜಿಸ್ಟರಿನಲ್ಲಿ ಒಳಗೆ ಹೋದವರ ಹೆಸರು ಇದ್ದರೆ ಹೊರಗೆ ಬಂದದ್ದು ಇರುವುದಿಲ್ಲ, ಸಹಿ ಮರೆಯುತ್ತಾರೆ, ಒಬ್ಬರದು ಇನ್ನೊಬ್ಬರು ಹಾಕುತ್ತಾರೆ, ಚಪ್ಪಲಿ ಹಾಗಲ್ಲ, ಚಪ್ಪಲಿ ಮರೆತು ಯಾರೂ ಮನೆಗೆ ಹೋಗುವುದಿಲ್ಲ, ಎರಡು ಜೋಡಿ ಇದ್ದರೆ ಇಬ್ಬರು, ಒಂದೂ ಇಲ್ಲದಿದ್ದರೆ ಒಬ್ಬರೂ ಇಲ್ಲ, ಚಪ್ಪಲಿ ಸುಳ್ಳ ಹೇಳೂದಿಲ್ರಿ ಸರ್ ಎಂದೆ ಗಾವಡೆಯವರಿಗೆ, ಅವರೂ ತಲೆಯಾಡಿಸಿದರು. ಕೇಶಪ್ಪ ಮಾಸ್ತರು ಕಲಿಸಿದ್ದು ಬೇರೆ, ಚಾವಿ ತಿರುಗಿಸುವ ಮೊದಲು ಬಾಗಿಲು ತೆರೆದು ಮೂರು ಸಲ ಕೂಗಬೇಕು, ಒಳಗ ಯಾರರೆ ಅದೀರೇನು ಎಂದು, ಅವರ ಕೈಕೆಳಗೆ ಕಲಿಯುತ್ತಿದ್ದ ಮೊದಲೆರಡು ತಿಂಗಳು ಕೂಗಿದೆ, ಖಾಲಿ ಕೋಣೆಗೆ ಕೂಗಿ ಕೂಗಿ ನನಗೇ ನಗು ಬಂತು, ಆಮೇಲೆ ಚಪ್ಪಲಿ ಸಾಕಾಯಿತು.

ಸ್ಟೂಲಿನ ಮೇಲೆ ಕೂತು ನೀರು ಬಗ್ಗಿಸಿಕೊಂಡೆ, ಜುಲೈ ತಿಂಗಳ ತಂಪು, ಮೇಲೆ ಮಳೆ ಸುರಿಯುತ್ತಿರಬೇಕು, ಇಲ್ಲಿ ತಳಮಹಡಿಯಲ್ಲಿ ಕೇಳಿಸುವುದಿಲ್ಲ, ಗೋಡೆ ಮಾತ್ರ ಬೆವರುತ್ತದೆ, ಬೆವರಲಿ, ಈ ಗೋಡೆಯ ಬೆವರೂ ನನ್ನದೇ. ಪರ್ವರಿಯಲ್ಲಿ ಈ ಕಟ್ಟಡ ಏಳುವಾಗ ಇದೇ ತಳಮಹಡಿಯ ಕಾಂಕ್ರೀಟು ನಾನು ತಲೆಯ ಮೇಲೆ ಹೊತ್ತು ಇಳಿದವಳು, ಕಂಠೆಪ್ಪ ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದ, ನನ್ನ ಗಂಡ, ಮಗ ಸೋಮು ಆಗ ಅಲ್ಲೇ ಮರಳಿನ ರಾಶಿಯ ಹತ್ತಿರ ಆಡುತ್ತಿದ್ದ, ಈಗ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ, ಬುಟ್ಟಿ ಹೊತ್ತ ಶಿವವ್ವ ಇವತ್ತು ಅದೇ ಕಟ್ಟಡದ ಪ್ಯಾನೆಲ್ಲಿನ ಮುಂದೆ ಸ್ಟೂಲು ಹಾಕಿ ಕೂತಿದ್ದಾಳೆ, ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟು ನೋಡಿ, ಇಂಗ್ಲಿಷಿನಲ್ಲಿ ನನ್ನ ಹೆಸರು, ಎರಡು ಸಲ ನಪಾಸಾದೆ, ಬರೆಯುವ ಪರೀಕ್ಷೆ ಇಂಗ್ಲಿಷಿನಲ್ಲಿ ಇಟ್ಟರೆ ಯಾರು ಪಾಸಾಗುತ್ತಾರೆ, ಮೂರನೆಯ ಸಲ ಹಟ ಹಿಡಿದೆ, ಬಾಯಲ್ಲಿ ಕೇಳಿ, ಯಂತ್ರದ ಮುಂದೆ ನಿಲ್ಲಿಸಿ ಕೇಳಿ ಎಂದೆ, ನಿಲ್ಲಿಸಿದರು, ನಡೆಸಿ ತೋರಿಸಿದೆ, ಒಂದೂ ತಪ್ಪಲಿಲ್ಲ. ಕೇಶಪ್ಪ ಮಾಸ್ತರು ಸಾವರ್ಡೆಯಿಂದ ಬಸ್ಸು ಹತ್ತಿ ಬಂದು ಕಲಿಸಿದ್ದು, ಗಣಿಯಲ್ಲಿ ಬೆಂಕಿಯ ಕೆಲಸ ನೋಡಿದವರು, ನಮ್ಮ ಮಾತಿನಲ್ಲೇ ಹೇಳಿದರು, ನೋಡ್ರಿ ತಂಗಿ, ಈ ನೀಲಿ ಗುಂಡಿ ಐತಲ್ಲ, ಎಣಿಕಿ ಶುರುವಾದ ಮ್ಯಾಲ ಚಾವಿ ಕೇಳೂದಿಲ್ಲ, ಯಾರ ಮಾತೂ ಕೇಳೂದಿಲ್ಲ, ಇದೊಂದ ಕೇಳತೈತಿ, ಒತ್ತಿ ಹಿಡದಷ್ಟು ಹೊತ್ತು ಎಣಿಕಿ ನಿಂದರತೈತಿ, ಬಿಟ್ಟರ ಮತ್ತ ನಡಿತೈತಿ, ಒತ್ತಿದವರು ಅಲ್ಲೇ ಇರಬೇಕು, ಕೈ ಅಲ್ಲೇ ಇರಬೇಕು. ಸೊಸೆ ಅಶ್ವಿನಿ ಇದೇ ಕಟ್ಟಡದಲ್ಲಿ ಮೊದಲ ಮಹಡಿಯಲ್ಲಿ ಕಾಗದ ವಿಂಗಡಿಸುತ್ತಾಳೆ, ನಾನೇ ಸೇರಿಸಿದ್ದು, ಅವಳಿಗೂ ದೀಪದ ಬಣ್ಣ ಹೇಳಿಕೊಟ್ಟಿದ್ದೇನೆ, ಹಳದಿ ಇದ್ದರ ಹೋಗು, ಹಸಿರು ಇದ್ದರ ನನ್ನ ಕೇಳು, ಜಾಣೆ, ಒಂದು ಸಲ ಹೇಳಿದರೆ ಸಾಕು, ಆದರೆ ಹುಚ್ಚಿ, ನಾನು ಎರಡನೆಯ ಸಲ ನಪಾಸಾದ ದಿನ ಊರ ದ್ಯಾಮವ್ವನಿಗೆ ಹರಕೆ ಹೊತ್ತಳು, ಅತ್ತಿ ಪಾಸಾಗೂತನಾ ಚಪ್ಪಲಿ ಮೆಟ್ಟೂದಿಲ್ಲ, ಪಾಸಾದ ಮ್ಯಾಲ ನಿನ್ನ ಗುಡಿಗೆ ಬಂದು ಮೆಟ್ಟತೇನಿ ಎಂದು, ಕೇಳಿ ನಕ್ಕುಬಿಟ್ಟೆ, ಪರೀಕ್ಷಾ ಬರಿಯೂದು ನಾ, ನಡಿಯೂದು ನೀ, ಇದ್ಯಾವ ಲೆಕ್ಕ ಅವ್ವಿ. ಪಾಸಾಗಿ ಮೂರು ವಾರವಾಯಿತು, ಊರಿಗೆ ಕರೆದುಕೊಂಡು ಹೋಗಲಿಲ್ಲ ಇನ್ನೂ, ಗಾವಡೆಯವರು ಎರಡು ಸಲ ರಜೆ ಕೊಡುತ್ತೇನೆ ಎಂದರು, ನಾನೇ ಬೇಡ ಎಂದೆ, ಪ್ಯಾನೆಲ್ಲನ್ನು ಬೇರೆ ಯಾರ ಕೈಗಾದರೂ ಕೊಡಲು ಮನಸ್ಸಿಲ್ಲ, ಹೋದರಾಯಿತು, ದ್ಯಾಮವ್ವ ಎಲ್ಲಿಗೂ ಓಡಿಹೋಗುವುದಿಲ್ಲ. ಹೊಸ್ತಿಲ ಮೇಲಿನ ಹೆಜ್ಜೆ ಹಿಮ್ಮಡಿಯ ಕಡೆಯಿಂದ ಆರುತ್ತಿದೆ.

ಗಂಟೆ. ಗಂಟೆ ಹೊಡೆಯಿತು, ಪ್ಯಾನೆಲ್ಲಿನ ಮೇಲೆ ಒಂದು ಕೆಂಪು ದೀಪ, ಒಳಗೆ ಛಾವಣಿಯಲ್ಲಿ ಹೊಗೆ ಮೂಸುವ ಡಬ್ಬಿಗಳ ಒಂದು ಸಾಲಿಗೆ ವಾಸನೆ ಹತ್ತಿದೆ, ಹತ್ತಲಿ, ಮಳೆಗಾಲದಲ್ಲಿ ತೇವ ಹೋಗಿ ಕೂತರೂ ಇದು ಹೊಡೆಯುತ್ತದೆ, ಕಳೆದ ವಾರವೂ ಹೊಡೆಯಿತು, ನಾನು ಎದ್ದು ಥರ್ಮಾಸಿನ ಮುಚ್ಚಳ ತಿರುಗಿಸಿದೆ, ಎರಡನೆಯ ಸಾಲೂ ಹೇಳಿದರೆ ಮಾತ್ರ ಖರೇ, ಒಬ್ಬರು ಹೇಳಿದರೆ ಯಂತ್ರ ನಂಬುವುದಿಲ್ಲ, ಇಬ್ಬರು ಹೇಳಿದರೆ — ಎರಡನೆಯ ದೀಪ. ಹಾರ್ನು. ಅಬ್ಬಾ, ಕಿವಿ ಹರಿದುಹೋಗುವಂಥ ಹಾರ್ನು, ಬಾಗಿಲ ಕಿಂಡಿಯ ಗಾಜಿನಲ್ಲಿ ನೋಡಿದರೆ ಒಳಗೆ ಕತ್ತಲೆ, ದೀಪಗಳೆಲ್ಲ ಆರಿವೆ, ನಡುಸಾಲಿನಲ್ಲಿ ತೇವ ಹೀರುವ ಯಂತ್ರ ಇರುವ ಜಾಗದಲ್ಲಿ ಒಂದು ಕೆಂಪು ನಾಲಿಗೆ ಆಡುತ್ತಿದೆ, ಅದೇ ಸುಟ್ಟಿರಬೇಕು, ಅದರ ವೈರು ಬಿಸಿಯಾಗುತ್ತದೆ ಎಂದು ನಾನೇ ಬರೆಸಿ ಕೊಟ್ಟಿದ್ದೆ, ಒಳಗಿನ ತುರ್ತು ದೀಪ ಕೆಟ್ಟಿದೆ ಎಂದೂ ಬರೆಸಿದ್ದೆ, ಯಾರು ಓದಿದರು. ಮೂವತ್ತು, ಇಪ್ಪತ್ತೊಂಬತ್ತು, ಕೆಂಪು ಅಂಕಿಗಳು ಇಳಿಯುತ್ತಿವೆ, ಇಳಿಯಲಿ, ಇದಕ್ಕೇ ಅಲ್ಲವೆ ನಾನು ಕೂತದ್ದು, ಗೋಡೆಯ ಫೋನಿನ ಗುಂಡಿ ಒತ್ತಿದೆ, ಗಾವಡೆಯವರ ದನಿ, ಕ್ಯಾ ಹುವಾ ಶಿವವ್ವ ಬಾಯಿ, ಬೆಂಕಿ ಸರ್, ಖರೇ ಬೆಂಕಿ, ಗ್ಯಾಸ್ ಹೊಂಟೈತಿ, ಅಂದರ್ ಕೋಯಿ ಹೈ, ಒಳಗೆ ಯಾರಾದರೂ ಇದ್ದಾರೆಯೆ ಎಂದರು, ಕೋಯಿ ನಹೀ ಸರ್, ಸ್ಟ್ಯಾಂಡ್ ಖಾಲಿ, ಹೇಳಿದೆ, ನನ್ನ ಬಾಯಿಂದಲೇ ಹೇಳಿದೆ, ಎಷ್ಟು ಗಟ್ಟಿಯಾಗಿ ಹೇಳಿದೆ, ಇಪ್ಪತ್ತು, ಹತ್ತೊಂಬತ್ತು, ಖಾಲಿ ಸ್ಟ್ಯಾಂಡು, ಕೆಳಗೆ ಕರಿಕಲ್ಲು, ಹಿಮ್ಮಡಿ ಪೂರ್ತಿ ಆರಿದೆ, ಹದಿನಾರು, ಮುಂಗಾಲು ಉಳಿದಿದೆ, ಐದು ಬೆರಳು ಉಳಿದಿವೆ, ಹದಿನಾಲ್ಕು, ಬೆರಳು ಬಾಗಿಲ ಕಡೆಗೆ ಯಾಕಿವೆ, ಹೊರಗೆ ಬಂದವಳ ಬೆರಳು ಹೊರಗೆ ತೋರಿಸಬೇಕಲ್ಲ, ಥಾವರಿಬಾಯಿ ಹಿಂದೆ ಹಿಂದೆ ಸರಿಯುತ್ತ ಒರೆಸುವವಳು ಕಲ್ಲಿನ ಮೇಲೆ ಒಳಮುಖವಾಗಿ ಕಾಲಿಟ್ಟಳೆ, ಹದಿಮೂರು, ಅವಳದು ರೊಟ್ಟಿಯಂಥ ಚಪ್ಪಟೆ ಪಾದ, ನನ್ನದೂ ಅಷ್ಟೇ, ಭಾರ ಹೊತ್ತವರ ಪಾದ, ನಡುವೆ ಖಾಲಿ ಇರುವುದಿಲ್ಲ, ಇದರಲ್ಲಿ ನಡುವೆ ಖಾಲಿ ಇತ್ತು, ಹನ್ನೆರಡು, ಒಳಗೊಂದು ಹೆಜ್ಜೆ ಇಟ್ಟು ಹೊಸ್ತಿಲ ಅಕ್ಕಿಯ ಸೇರು ಒದ್ದ ಪಾದ, ಮಳೆಯಲ್ಲಿ ಬಸ್ಸಿಳಿದು ಬಂದ ಮದುಮಗಳು, ನಮ್ಮ ಒಂದೇ ಕೋಣೆಯ ಸಿಮೆಂಟು ನೆಲದ ಮೇಲೆ ಮೂಡಿದ ಒದ್ದೆ ಪಾದ, ನಾನೇ ನೋಡಿ ಅಂದಿದ್ದೆ, ಕಂಠೆಪ್ಪನ ಕಿವಿಯಲ್ಲಿ, ನೋಡ, ಹುಡುಗಿ ಪಾದ ನಡುವ ನೆಲಕ್ಕ ಹತ್ತೂದ ಇಲ್ಲ — ಬರಿಗಾಲು. ಬರಿಗಾಲಿನವಳಿಗೆ ಸ್ಟ್ಯಾಂಡಿನಲ್ಲಿ ಬಿಡಲು ಚಪ್ಪಲಿ ಎಲ್ಲಿಂದ ಬರಬೇಕು.

ಒತ್ತಿದೆ. ಅಂಗೈಯಿಂದ ಹೊಡೆದಂತೆ ಒತ್ತಿದೆ ನೀಲಿ ಗುಂಡಿಯನ್ನು, ಆಮೇಲೆ ಹೆಬ್ಬೆರಳು ಊರಿದೆ, ಹನ್ನೊಂದು, ಹನ್ನೊಂದು, ಹನ್ನೊಂದು, ನಿಂತಿತು, ದೇವರೇ, ನಿಂತಿತು. ಚಾವಿ ತಿರುಗಿಸಿ ನೋಡಿದೆ ಎಡಗೈಯಲ್ಲಿ, ಮಾಸ್ತರು ಹೇಳಿದ ಹಾಗೇ ಕೇಳಲಿಲ್ಲ, ಇನ್ನು ಇರುವುದು ಈ ಹೆಬ್ಬೆರಳು ಒಂದೇ. ಯಾವಾಗ ಹೋದಳು, ನಾನು ಬಿಸಿನೀರಿಗೆ ಹೋದಾಗ, ಅಂಗಳಕ್ಕೆ ವ್ಯಾನು ಬಂದಿರಬೇಕು, ಮಳೆಯಲ್ಲಿ ಬರಿಗಾಲಲ್ಲಿ ಪೆಟ್ಟಿಗೆ ಇಳಿಸಿಕೊಂಡು ಬಂದಿದ್ದಾಳೆ, ಆಗಷ್ಟೇ ಒರೆಸಿದ ಒದ್ದೆ ನೆಲದಲ್ಲಿ ಹೆಜ್ಜೆ ಕಾಣಲಿಲ್ಲ, ಒಣ ಕಲ್ಲಿನ ಮೇಲೆ ಮಾತ್ರ ಮೂಡಿತು, ಥಾವರಿಬಾಯಿ ಹೋಗಿಯಾಗಿದೆ, ನಾನಿಲ್ಲ, ದೀಪ ನೋಡಿದ್ದಾಳೆ, ಹಳದಿ ಇತ್ತು, ಹೋಗಿದ್ದಾಳೆ, ನಾನು ಕಲಿಸಿದಂತೆಯೇ ಮಾಡಿದ್ದಾಳೆ, ಒಂದೂ ತಪ್ಪಿಲ್ಲ ಅವಳದು, ತಪ್ಪು ನನ್ನದು, ನಾನು ಬಂದು ಅವಳ ತಲೆಯ ಮೇಲೆ ಚಾವಿ ತಿರುಗಿಸಿದೆ, ಟಕ್, ಬಾಗಿಲು ತೆರೆದು ಒಂದು ಸಲ ಕೂಗಿದ್ದರೆ, ಮೂರು ಬೇಡ, ಒಂದು ಸಲ. ಈಗ ಅಳುತ್ತ ಕೂತರೆ ಆಗುವುದಿಲ್ಲ, ಶಿವವ್ವ, ಕೈ ಇದೆ, ಕಾಲಿದೆ, ಯೋಚಿಸು, ಮೊದಲು ಈ ಹಾರ್ನು, ಇದು ಕೂಗುತ್ತಿದ್ದರೆ ಅವಳ ದನಿ ನನಗೆ ಕೇಳುವುದಿಲ್ಲ, ನನ್ನದು ಅವಳಿಗೆ ಕೇಳುವುದಿಲ್ಲ, ಎಡಗೈ ಚಾಚಿದೆ, ಪ್ಯಾನೆಲ್ಲಿನ ಬಲಮೂಲೆಯ ಗುಂಡಿ, ಸದ್ದು ಅಡಗಿತು, ಅಡಗಿದ್ದೇ ತಡ ಬೆಂಕಿಯ ಚಟಪಟ ಕೇಳಿತು ಒಳಗಿಂದ, ಅದಕ್ಕಿಂತ ಹಾರ್ನೇ ವಾಸಿಯಿತ್ತು. ಬಾಗಿಲು ಎಷ್ಟು ದೂರ, ಒಂದು ಕಾಲು ಚಾಚಿದಷ್ಟು, ಬಲಗೈ ಗುಂಡಿಯ ಮೇಲೆ, ಎಡಗಾಲು ಬಾಗಿಲಿಗೆ, ಸೀರೆ ಮೇಲೆ ಸಿಕ್ಕಿಸಿದೆ, ನಾಚಿಕೆ ಮಾಡುವ ಹೊತ್ತಲ್ಲ ಇದು, ಒದ್ದೆ, ತೆರೆಯಿತು, ಮತ್ತೆ ಮುಚ್ಚಿಕೊಳ್ಳಲು ಬಂತು, ತಾನೇ ಮುಚ್ಚುವ ಬಾಗಿಲು, ಚಪ್ಪಲಿ ಕಳಚಿ ಸಂದಿಗೆ ಒದ್ದು ಸಿಕ್ಕಿಸಿದೆ, ನಿಂತಿತು, ಗೇಣಗಲದ ಸಂದು, ಹೊಗೆ ಹೊರಗೆ ಇಣುಕಿತು, ಕೂಗಿದೆ, ಏ ಅಶ್ವಿನೀ, ಅಶ್ವಿನೀ, ಎಲ್ಲಿ ಅದಿ ನನ್ನವ್ವ, ಗಂಟಲು ಹರಿಯುವಂತೆ ಕೂಗಿದೆ, ಒಳಗಿಂದ ಏನೂ ಇಲ್ಲ.

ಶಿವವ್ವ ಬಾಯಿ, ಗ್ಯಾಸ್ ಕ್ಯೋಂ ನಹೀ ಗಯಾ — ಗ್ಯಾಸು ಯಾಕೆ ಹೋಗಲಿಲ್ಲ ಎಂದು ಫೋನಿನಲ್ಲಿ ಗಾವಡೆ, ನಾನು ಗುಂಡಿ ಹಿಡಿದೇನಿ ಸರ್, ಒಳಗ ಅಶ್ವಿನಿ ಅದಾಳ, ಅವರು ಚೀರಿದರು, ಈಗಷ್ಟೇ ಯಾರೂ ಇಲ್ಲ ಅಂದಿರಿ, ರಿಜಿಸ್ಟರಿನಲ್ಲೂ ಯಾರೂ ಇಲ್ಲ, ಚಪ್ಪಲಿ ಇಲ್ಲ, ನೀವೇ ಹೇಳಿದ್ದಲ್ಲವೆ ಚಪ್ಪಲಿ ಸುಳ್ಳು ಹೇಳುವುದಿಲ್ಲ ಎಂದು, ಹೌದ್ರಿ, ನಾನೇ ಹೇಳಿದ್ದು, ಈಗ ನಾನೇ ಹೇಳಾಕತ್ತೇನಿ ಅದು ಸುಳ್ಳು ಹೇಳಿತು ಅಂತ. ನೋಡಿದಿರಾ ಅವಳನ್ನು ಕಣ್ಣಾರೆ, ಇಲ್ಲ, ಏನು ನೋಡಿದಿರಿ, ಹೆಜ್ಜೆ, ಒಂದು ಹೆಜ್ಜೆ ನೋಡೇನಿ, ಅವರು ಮೆತ್ತಗೆ, ಹುಚ್ಚರ ಜೊತೆ ಮಾತಾಡುವ ದನಿಯಲ್ಲಿ, ಮೇಲೆ ನಲವತ್ತು ಜನ ಇದ್ದಾರೆ ಬಾಯಿ, ಅಗ್ನಿಶಾಮಕದವರು ಮಳೆಯಲ್ಲಿ ಬರಲು ಕಾಲು ಗಂಟೆ ಬೇಕು, ಒಳಗೆ ಬರೀ ಕಾಗದ, ಛೋಡ್ ದೋ, ಬಟನ್ ಛೋಡ್ ದೋ, ಬಿಟ್ಟುಬಿಡಿ ಗುಂಡಿ. ನಲವತ್ತು ಜನ, ಅವರು ಕೆಟ್ಟವರಲ್ಲ, ಅವರ ಲೆಕ್ಕವೂ ಸುಳ್ಳಲ್ಲ, ನಲವತ್ತು ಜನಾನೂ ಅಂಗಳಕ್ಕ ಇಳಿಸ್ರಿ ಸರ್, ಅವರಿಗೆ ಕಾಲು ಅದಾವ, ಮೆಟ್ಟಲಾ ಅದಾವ, ಈಕಿಗೆ ನನ್ನ ಬೆರಳೊಂದ ಐತಿ, ನಹೀ ಛೋಡೇಗಾ ಸರ್. ಮೋತಿಲಾಲ ಓಡಿ ಬಂದ, ಗೇಟಿನ ವಾಚ್‌ಮನ್, ನೆನೆದು ತೊಪ್ಪೆಯಾಗಿದ್ದಾನೆ, ಅಕ್ಕಾರ, ನಾ ಹಿಡಿತೇನಿ ಗುಂಡಿ, ನೀವು ಸರೀರಿ, ಎಂದು ಕೈ ಚಾಚಿದ, ಒದ್ದೆ ಕೈ, ಕೊಡಲೆ, ಕೊಟ್ಟು ನಾನೇ ಒಳಗೆ ನುಗ್ಗಲೆ, ನನ್ನ ಬೆರಳು ತೆಗೆದು ಅವನ ಬೆರಳು ಊರುವ ನಡುವೆ ಎಣಿಕೆ ಎಷ್ಟು ಇಳಿಯುತ್ತದೆ, ಒಂದೇ, ಎರಡೇ, ಹೊಗೆಗೆ ಕೆಮ್ಮಿ ಅವನು ಕೈ ಬಿಟ್ಟರೆ ಒಳಗೆ ಇಬ್ಬರು, ಬ್ಯಾಡ, ನನ್ನ ಕೈ ನನಗ ಗೊತ್ತೈತಿ, ನೀ ಮ್ಯಾಲ ಓಡು, ಅಶ್ವಿನಿ ಕುರ್ಚಿ ನೋಡು, ಕ್ಯಾಂಟೀನ್ ನೋಡು, ಸಂಡಾಸ ನೋಡು, ಓಡಿದ. ಎಡಗೈಯಲ್ಲಿ ನನ್ನ ಮೊಬೈಲು ತೆಗೆದು ಅವಳಿಗೆ ಹಚ್ಚಿದೆ, ರಿಂಗಾಗುತ್ತಿದೆ, ರಿಂಗಾಗುತ್ತಲೇ ಇದೆ, ಒಳಗೆ ಏನೂ ಕೇಳಿಸುತ್ತಿಲ್ಲ, ಅಂದರೆ ಫೋನು ಒಳಗಿಲ್ಲ, ಅಂದರೆ ಅವಳೂ ಒಳಗಿಲ್ಲವೆ, ಮೇಲೆಲ್ಲೋ ಕಿಟಕಿಯ ಹತ್ತಿರ ನಿಂತು ಮಳೆ ನೋಡುತ್ತಿದ್ದಾಳೆಯೆ, ನಾನು ಇಲ್ಲಿ ಖಾಲಿ ಕೋಣೆಗೆ ಕಾವಲು ನಿಂತು ಕಟ್ಟಡ ಸುಡುತ್ತಿದ್ದೇನೆಯೆ. ಕೆಂಪು ನಾಲಿಗೆ ಎರಡಾಗಿದೆ, ಪಕ್ಕದ ಸಾಲಿಗೆ ಹತ್ತಿದೆ. ಹೆಜ್ಜೆ ನೋಡಿದೆ, ಹೆಬ್ಬೆರಳಿನದೊಂದು ಚುಕ್ಕೆ ಉಳಿದಿದೆ ಕಲ್ಲಿನ ಮೇಲೆ, ಅದೂ ಆರಿದರೆ ನನ್ನ ಬಳಿ ಸಾಕ್ಷಿಯೇ ಇಲ್ಲ, ಇರಲಿ, ಕಂಡದ್ದು ಕಂಡದ್ದೇ, ಒಳಮುಖವಾಗಿತ್ತು. ಮೋತಿಲಾಲ ಮೆಟ್ಟಿಲ ಮೇಲಿಂದಲೇ ಕೂಗಿದ, ಅಕ್ಕಾರ, ಚೀಲ ಐತ್ರಿ, ಫೋನ್ ಚೀಲದಾಗ ಬಡಕೊಳ್ಳಾಕತ್ತೈತಿ, ಆಕಿ ಇಲ್ರಿ, ಎಲ್ಲೂ ಇಲ್ರಿ.

ಹಾಗಾದರೆ ಒಳಗಿದ್ದಾಳೆ. ತಲೆ ತಿಳಿಯಾಯಿತು, ಒಳಗಿದ್ದರೆ ಎಲ್ಲಿ, ಹೊಸ ಪೆಟ್ಟಿಗೆ ಇಡುವುದು ಕಟ್ಟಕಡೆಯ ಸಾಲಿನಲ್ಲಿ, ಬೆಂಕಿ ನಡುಸಾಲಿನಲ್ಲಿ, ದೀಪವಿಲ್ಲ, ದಾರಿ ತಪ್ಪಿದ್ದಾಳೆ, ಪೆಟ್ಟಿಗೆಗಳ ನಡುವೆ ತಿರುಗಿ ತಿರುಗಿ ಗೋಡೆ ಯಾವುದು ಬಾಗಿಲು ಯಾವುದು ತಿಳಿಯದೆ ಕೂತಿದ್ದಾಳೆ. ಗೋಡೆ. ಒಳಗೆ ಹೋಗುವಾಗ ಎಡಕ್ಕಿರುವ ಗೋಡೆ, ತೇವಕ್ಕೆ ಹೆದರಿ ಅದಕ್ಕೆ ಎರಡು ಗೇಣು ಬಿಟ್ಟೇ ಕಪಾಟು ಇಟ್ಟಿದ್ದಾರೆ, ಒಬ್ಬರು ಓರೆಯಾಗಿ ನುಸುಳಬಹುದು, ಆ ಗೋಡೆ ಹಾಕುವ ದಿನ ಕಂಠೆಪ್ಪನ ಹಲಗೆ ಜಾರಿತ್ತು, ಮೊಳಕಾಲೆತ್ತರಕ್ಕೆ ಕಾಂಕ್ರೀಟು ಉಬ್ಬಿ ಒಂದು ಉದ್ದ ಏಣು ಬಂತು, ಹಿಂದಿನ ಮೂಲೆಯಿಂದ ಬಾಗಿಲ ಚೌಕಟ್ಟಿನವರೆಗೆ, ಮುಕಾದಮ ಅವನಿಗೆ ಬೈದ, ಕೆತ್ತಿ ತೆಗೆಯಿರಿ ಎಂದ, ಯಾರೂ ಕೆತ್ತಲಿಲ್ಲ, ಸುಣ್ಣ ಬಳಿದು ಬಿಟ್ಟರು, ಇವತ್ತಿಗೂ ಇದೆ, ಹೋದ ತಿಂಗಳು ಕೈಯಾಡಿಸಿ ನೋಡಿ ಒಬ್ಬಳೇ ನಕ್ಕಿದ್ದೇನೆ. ಕೂಗಿದೆ, ಹೆದರಿಸುವ ದನಿಯಲ್ಲಲ್ಲ, ಮನೆಯಲ್ಲಿ ನೀರು ತಾ ಎನ್ನುವ ದನಿಯಲ್ಲಿ, ಗಟ್ಟಿಯಾಗಿ, ಅಶ್ವಿನೀ, ನಾ ನಿಮ್ಮತ್ತಿ, ನನ್ನ ಮಾತ ಕೇಳು, ನೆಲಕ್ಕ ಕುಂದರು, ಬೆಂಕಿ ಎದರಿಗೆ ಇರಲಿ, ಬಲಗಡೆ ಗೋಡಿ ಮುಟ್ಟು, ಗೋಡಿ ಸಿಕ್ಕಿತೇನು — ಏನೂ ಇಲ್ಲ, ಚಟಪಟ, ಮತ್ತೆ ಕೂಗಿದೆ, ಗೋಡಿ ಸಿಕ್ಕಿತೇನು ಅವ್ವಿ, ಕೆಮ್ಮು. ಕೆಮ್ಮಿದ್ದು ಬೆಂಕಿಯಲ್ಲ, ಕಾಗದವಲ್ಲ, ಹೆಂಗಸು, ಆಮೇಲೆ ಸಣ್ಣ ದನಿ, ಬಾವಿಯೊಳಗಿಂದ ಬಂದಂತೆ, ಅತ್ತೀ, ಏನೂ ಕಾಣವಲ್ಲದ್ರಿ. ಗಾವಡೆ ಸರ್, ಕೇಳಿಸಿತಾ, ಕೇಳಿಸಿತು ಬಾಯಿ ಎಂದರು ಫೋನಿನಲ್ಲಿ. ಕಾಣೂದ ಬ್ಯಾಡ, ಕೈಲೇ ನೋಡು, ಮೊಳಕಾಲ ಎತ್ತರಕ್ಕ ಗೋಡಿ ಉಬ್ಬೈತಿ, ಉದ್ದಕ ಒಂದ ಏಣು, ಸಿಕ್ಕಿತೇನು, ಸಿಕ್ಕಿತ್ರಿ, ಅದು ನಿಮ್ಮ ಮಾವ ಮಾಡಿದ್ದು, ಅದನ್ನ ಬಿಡಬ್ಯಾಡ, ಅದರ ಮ್ಯಾಲ ಕೈ ಇಟ್ಟ ತೆವಳಕೋತ ಬಾ, ನೇರ ನನ್ನ ಹತ್ತರ ಬರ್ತೈತಿ ಅದು, ಬ್ಯಾರೆ ಎಲ್ಲೂ ಹೋಗೂದಿಲ್ಲ. ಹೆಬ್ಬೆರಳು ಮರಗಟ್ಟಿದೆ, ಉಗುರು ಬೆಳ್ಳಗಾಗಿದೆ, ಇದೆಯೋ ಇಲ್ಲವೋ ತಿಳಿಯುತ್ತಿಲ್ಲ, ಅಂಕಿ ನೋಡುತ್ತೇನೆ, ಹನ್ನೊಂದು, ಇದೆ. ಬಾ, ಬಾ, ಮಾತಾಡಕೋತ ಬಾ, ಸುಮ್ಮನಾಗಬ್ಯಾಡ, ಅತ್ತೀ ಹೆದರಿಕಿ ಬರಾಕತ್ತೈತ್ರಿ, ಬರಲಿ ಬಿಡು, ಹೆದರಕೋತ ಬಾ, ಊರಿಗೆ ಹೋಗೂಣು, ನಾಳೆನ ಹೋಗೂಣು, ರಜಾ ಹಾಕ್ತೇನಿ, ದ್ಯಾಮವ್ವನ ಮುಂದ ಚಪ್ಪಲಿ ಮೆಟ್ಟುವಂತಿ, ಹೊಸಾವು, ನಾ ಕೊಡಸ್ತೇನಿ, ಕೆಂಪನ್ನವು ಬೇಕೇನು, ಕರಿಯವು ಬೇಕೇನು, ಏನೇನು ಮಾತಾಡಿದೆನೋ, ದನಿ ಹತ್ತಿರ ಬಂತು, ಕೆಮ್ಮು ಹತ್ತಿರ ಬಂತು, ಹೊಗೆಯ ಅಡಿಯಿಂದ ಒಂದು ಕೈ ಬಂತು, ಬಳೆ, ಆಮೇಲೆ ತಲೆ, ಮೋತಿಲಾಲ ಬಾಗಿಲು ದೂಡಿ ಎರಡೂ ರಟ್ಟೆ ಹಿಡಿದು ಎಳೆದ, ಬಂದಳು, ಮುಖವೆಲ್ಲ ಕಪ್ಪು, ಕಣ್ಣು ತೆರೆದಿವೆ, ನನ್ನ ಸೊಸೆ ಹೊರಗೆ ಬಂದಳು, ಅಪ್ಪಿಕೊಳ್ಳಲು ಕೈಯಿಲ್ಲ ನನಗೆ, ಬಲಗೈ ಗುಂಡಿಯ ಮೇಲೆ.

ಇನ್ನೂ ಬಿಡಲಿಲ್ಲ. ಮೋತಿಲಾಲ ಬಿಡ್ರಿ ಅಕ್ಕಾರ ಎಂದ, ಗಾವಡೆಯವರೂ ಬಿಡಿ ಎಂದರು, ನಾನು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದೆ, ಒಳಗ ಯಾರರೆ ಅದೀರೇನು, ಒಂದು ಸಲ, ಒಳಗ ಯಾರರೆ ಅದೀರೇನು, ಎರಡು, ಅಶ್ವಿನಿ ನೆಲದ ಮೇಲಿಂದ ಕೆಮ್ಮುತ್ತಲೇ ಹೇಳಿದಳು, ನಾ ಒಬ್ಬಾಕಿನ ಇದ್ದೆ ಅತ್ತಿ, ಇರಲಿ, ಮೂರನೆಯದನ್ನೂ ಕೂಗಿದೆ, ಮೂರು ಎಂದರೆ ಮೂರು, ಉತ್ತರ ಬರುವಷ್ಟು ಹೊತ್ತು ಕಾದೆ, ಬರಲಿಲ್ಲ. ಆಕಿನ್ನ ಮ್ಯಾಲ ಕರಕೊಂಡ ಹೋಗು, ಅಂಗಳಕ್ಕ, ಇಲ್ಲಿ ಯಾರೂ ನಿಲ್ಲಬ್ಯಾಡ್ರಿ, ಈ ಗ್ಯಾಸು ಬಾಗಿಲ ಸಂದಿಯಿಂದ ಹೊರಗೂ ಬರ್ತೈತಿ, ಅವಳು ಮೋತಿಲಾಲನ ಹೆಗಲು ಹಿಡಿದು ನಡೆದಳು, ಸಂದಿಯಲ್ಲಿದ್ದ ಚಪ್ಪಲಿಯನ್ನು ಒಳಕ್ಕೆ ಒದ್ದೆ, ಬಾಗಿಲು ಮುಚ್ಚಿಕೊಂಡಿತು, ಈಗ ಒಳಗೆ ಒಂದು ಚಪ್ಪಲಿ ಇದೆ, ಮನುಷ್ಯರಿಲ್ಲ, ಬರೆದುಕೊಳ್ಳಿ ಗಾವಡೆ ಸಾಹೇಬರೆ ರಿಜಿಸ್ಟರಿನಲ್ಲಿ, ನಗು ಬಂತು, ಅಳುವೂ ಬಂತು, ಎರಡನ್ನೂ ಆಮೇಲೆ ನೋಡಿಕೊಂಡರಾಯಿತು. ಬೆರಳು ತೆಗೆದೆ. ತೆಗೆಯಲು ಬರಲಿಲ್ಲ, ಎಡಗೈಯಿಂದ ಎಳೆದು ತೆಗೆದೆ, ಹತ್ತು, ಒಂಬತ್ತು, ನಡೆದೆ, ಓಡಲಿಲ್ಲ, ಎಂಟು, ಏಳು, ಕಡೆಗೆ ಹೊರಡುವವಳು ಪ್ಯಾನೆಲ್ಲಿನವಳೇ, ಅದು ಪರೀಕ್ಷೆಯಲ್ಲೂ ಕೇಳಿದ ಪ್ರಶ್ನೆ, ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ನಾಲ್ಕು, ಮೂರು, ಮೆಟ್ಟಿಲು ಸಿಕ್ಕಿತು, ಹಿಂದೆ ಭುಸ್ಸೆಂದು ಶುರುವಾಯಿತು, ಹದಿನಾರು ಸಿಲಿಂಡರು ಒಮ್ಮೆಲೇ, ಮೆಟ್ಟಿಲು ನಡುಗಿತು, ಕೆಲಸ ಮಾಡಿತು, ಸರಿಯಾಗಿ ಕೆಲಸ ಮಾಡಿತು ನನ್ನ ಯಂತ್ರ, ಮೇಲಿಂದ ಗಾವಡೆಯವರ ದನಿ, ಶಾಬಾಸ್ ಬಾಯಿ, ಹೇಗೆ ಗೊತ್ತಾಯಿತು ನಿಮಗೆ, ಹೇಗೆ ಗೊತ್ತಾಯಿತು, ಎಲ್ಲರೂ ಇನ್ನು ಇದನ್ನೇ ಕೇಳುತ್ತಾರೆ, ನಾಳೆ ಹಾರ ಹಾಕಿದರೂ ಹಾಕುತ್ತಾರೆ, ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ, ಚಾವಿ ತಿರುಗಿಸಿದ್ದನ್ನೂ ಹೇಳುತ್ತೇನೆ, ಕೂಗದೆ ತಿರುಗಿಸಿದೆ ಎಂದೂ ಹೇಳುತ್ತೇನೆ, ಸರ್ಟಿಫಿಕೇಟು ಕಿತ್ತುಕೊಂಡರೆ ಮತ್ತೆ ಪರೀಕ್ಷೆ ಕೊಡುತ್ತೇನೆ, ಮತ್ತೆ ಪಾಸಾಗುತ್ತೇನೆ, ಅದರ ಚಿಂತೆಯಿಲ್ಲ ನನಗೆ, ಮೂರನೆಯ ಮೆಟ್ಟಿಲಲ್ಲಿ ತಿರುಗಿ ನೋಡಿದೆ, ಅವಳು ಹೊರಗೆ ನಡೆದು ಬಂದ ಕಪ್ಪು ಹೆಜ್ಜೆಗಳು ಒರೆಸಿದ ನೆಲದ ಉದ್ದಕ್ಕೂ ಇವೆ, ಎಡ, ಬಲ, ಎಡ, ಬಲ, ಎಲ್ಲ ಹೊರಮುಖ, ಯಾರು ಬೇಕಾದರೂ ಎಣಿಸಬಹುದು ಅವನ್ನು, ಅವುಗಳ ಆಚೆ ಹೊಸ್ತಿಲ ಕರಿಕಲ್ಲು, ಒಣಗಿದೆ, ಹೆಬ್ಬೆರಳಿನ ಚುಕ್ಕೆಯೂ ಹೋಗಿದೆ, ಅದರ ಮೇಲೆ ಈಗ ಏನೂ ಇಲ್ಲ, ಆದರೆ ಇತ್ತು, ಚಾವಿ ಹಿಡಿದಾಗ ಇತ್ತು, ಟಕ್ ಎಂದಾಗ ಇತ್ತು, ನೋಡಿದೆ, ನೋಡಿ ಥಾವರಿಬಾಯಿಗೆ ಬೈದೆ, ಒದ್ದೆಯಾಗಿತ್ತು, ನಡುವೆ ಖಾಲಿಯಿತ್ತು, ಐದು ಬೆರಳೂ ಎಣಿಸುವ ಹಾಗೆ, ಒಳಮುಖ, ಐದು ಬೆರಳು, ಒಳಮುಖ